ಗ್ರಾಮೀಣ ಉದ್ಯಮಗಳಿಗೆ ಸರ್ಕಾರದ ನೆರವು: ಮೊದಲ ಹಣ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಮನವಿ ಸಮಿತಿಯ ಸದಸ್ಯ

ಎಲ್ಲರಿಗೂ ನಮಸ್ಕಾರ. ಗ್ರಾಮೀಣ ಪ್ರದೇಶಗಳಲ್ಲಿ ಸಣ್ಣ ಉದ್ಯಮಗಳು ಬೆಳೆದು, ಅಲ್ಲಿನ ಜನರಿಗೆ ಅಲ್ಲಿಯೇ ಕೆಲಸ ಸಿಗುವಂತಾಗಲು ಸರ್ಕಾರ ಏನು ಮಾಡಬೇಕು ಎಂಬ ಕುರಿತು ನಾವು ಹತ್ತು ಹನ್ನೆರಡು ಮಂದಿ ಸೇರಿ ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೇವೆ. ಮೂರು ಸಭೆಗಳು ಕಳೆದರೂ ಮೊದಲ ಪುಟವನ್ನು ದಾಟಲು ಸಾಧ್ಯವಾಗಿಲ್ಲ. ಯಾವುದನ್ನು ಮೊದಲು ಕೇಳಬೇಕು ಎಂಬಲ್ಲಿಯೇ ನಮ್ಮಲ್ಲಿ ಒಮ್ಮತ ಮೂಡುತ್ತಿಲ್ಲ.

ಯುವಕ ಯುವತಿಯರಿಗೆ ಯಂತ್ರ ಕೊಳ್ಳಲು ನೇರವಾಗಿ ಸಹಾಯಧನ ಕೊಡಬೇಕೆಂದು ಕೆಲವರು ಹೇಳುತ್ತಾರೆ. ಜಮೀನು ಮತ್ತು ತೆರಿಗೆ ವಿನಾಯಿತಿ ಕೊಟ್ಟು ಒಂದು ದೊಡ್ಡ ಕಾರ್ಖಾನೆಯನ್ನು ಕರೆತಂದರೆ ಉಳಿದದ್ದೆಲ್ಲ ತಾನಾಗಿಯೇ ಹಿಂಬಾಲಿಸುತ್ತದೆ ಎಂಬುದು ಇನ್ನು ಕೆಲವರ ನಂಬಿಕೆ. ರಸ್ತೆ, ವಿದ್ಯುತ್ ಮತ್ತು ಇಂಟರ್‌ನೆಟ್ ಸರಿಯಾಗುವ ತನಕ ಬೇರೆ ಯಾವುದಕ್ಕೆ ಹಣ ಹಾಕಿದರೂ ನೀರಿನಲ್ಲಿ ಹೋಮ ಮಾಡಿದಂತೆ ಎನ್ನುವವರೂ ನಮ್ಮಲ್ಲಿದ್ದಾರೆ. ನನ್ನ ಒಲವು ತರಬೇತಿಯ ಕಡೆಗಿದೆ, ಆದರೆ ಅದನ್ನು ಸಮರ್ಥಿಸಿಕೊಳ್ಳುವಷ್ಟು ಆಧಾರ ನನ್ನ ಬಳಿ ಇಲ್ಲ.

ಸಹಾಯಧನ ಪಡೆದು ಸಂಭ್ರಮದಿಂದ ಆರಂಭವಾದ ಘಟಕಗಳು ಮೂರ್ನಾಲ್ಕು ವರ್ಷಗಳೊಳಗೆ ಬಾಗಿಲು ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು, ಬಂಡವಾಳವೇ ಇಲ್ಲದವರಿಗೆ ಹಣ ಕೊಡಬೇಡಿ ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು, ಬೇರೆ ಬೇರೆ ದೇಶಗಳ ಅನುಭವವನ್ನು ಬಲ್ಲವರು ದಯವಿಟ್ಟು ತಿಳಿಸಿ: ಇರುವ ಹಣ ಸೀಮಿತವಾಗಿರುವಾಗ ಮೊದಲ ಆದ್ಯತೆ ಯಾವುದಕ್ಕೆ ಸಲ್ಲಬೇಕು?

ಉತ್ತರ 1: ನಿವೃತ್ತ ಬ್ಯಾಂಕ್ ಅಧಿಕಾರಿ

ತಮ್ಮ ಪ್ರಶ್ನೆಯನ್ನು ಓದಿ ನನ್ನ ಸೇವಾವಧಿಯ ಬಹುಪಾಲು ಕಣ್ಣ ಮುಂದೆ ಬಂದಿತು. ಗ್ರಾಮೀಣ ಶಾಖೆಗಳಲ್ಲಿ ಸಾಲ ಮಂಜೂರು ಮಾಡುವುದು, ನಂತರ ಆ ಘಟಕಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸವಾಗಿತ್ತು. ಒಂದು ತಪಾಸಣೆಯನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಸಹಾಯಧನ ಮತ್ತು ಸಾಲ ಎರಡನ್ನೂ ಪಡೆದು ಒಬ್ಬ ಯುವಕ ಯಂತ್ರವೊಂದನ್ನು ತರಿಸಿದ್ದ. ಎಂಟು ತಿಂಗಳ ನಂತರ ನಾನು ಹೋದಾಗ ಶೆಡ್ಡಿನ ಗೋಡೆಯ ಮೇಲೆ ಯೋಜನೆಯ ಹೆಸರು ದಪ್ಪ ಅಕ್ಷರಗಳಲ್ಲಿತ್ತು. ಯಂತ್ರದ ಮೋಟಾರಿಗೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ತ್ರೀ ಫೇಸ್ ವಿದ್ಯುತ್ ರಾತ್ರಿ ಕೆಲವು ಗಂಟೆ ಮಾತ್ರ ಬರುತ್ತಿತ್ತು. ರಾತ್ರಿ ಎದ್ದು ಕೆಲಸ ಮಾಡಲು ಅವನು ಸಿದ್ಧನಿದ್ದ, ಅದಕ್ಕೇನೂ ಅವನು ಹಿಂಜರಿದಿರಲಿಲ್ಲ. ಆದರೆ ತಯಾರಾದ ವಸ್ತುವನ್ನು ಯಾರಿಗೆ ಮಾರಬೇಕೆಂದು ಅವನಿಗೆ ತಿಳಿದಿರಲಿಲ್ಲ. ಅವನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ‘ಮಾರುಕಟ್ಟೆಯ ಅವಕಾಶ’ ಎಂಬ ಶೀರ್ಷಿಕೆಯ ಕೆಳಗೆ ಎರಡು ಸಾಲುಗಳಿದ್ದವು. ಆ ಎರಡು ಸಾಲುಗಳು ಆ ವರ್ಷ ನನ್ನ ಮೇಜಿಗೆ ಬಂದ ಬೇರೆ ಅರ್ಜಿಗಳಲ್ಲಿಯೂ ಅಕ್ಷರಶಃ ಹಾಗೆಯೇ ಇದ್ದವು, ಏಕೆಂದರೆ ಎಲ್ಲವನ್ನೂ ಬರೆದುಕೊಟ್ಟವರು ಒಬ್ಬರೇ. ಆ ಅರ್ಜಿಗೆ ಸಹಿ ಹಾಕಿದವನು ನಾನೇ ಆದುದರಿಂದ ಆ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈ ಒಂದು ಘಟಕದಲ್ಲಿ ಕಂಡದ್ದೇ ಇಡೀ ದೇಶದ ಮಟ್ಟದಲ್ಲಿಯೂ ಹಿಂದೆ ನಡೆದಿದೆ. ಭಾರತದಲ್ಲಿ 1978–79ರಲ್ಲಿ ಆರಂಭವಾಗಿ 1980ರಲ್ಲಿ ಎಲ್ಲ ಬ್ಲಾಕ್‌ಗಳಿಗೂ ವಿಸ್ತರಿಸಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮವು ಬಡ ಕುಟುಂಬಗಳಿಗೆ ಸಾಲ ಮತ್ತು ಸಹಾಯಧನದ ಮೂಲಕ ಆಸ್ತಿಯೊಂದನ್ನು ಕೊಡಿಸುವ ತತ್ವದ ಮೇಲೆ ನಿಂತಿತ್ತು. ಹೆಚ್ಚಿನ ಕಡೆ ಆ ಆಸ್ತಿ ಹಾಲು ಕೊಡುವ ಹಸು ಅಥವಾ ಎಮ್ಮೆಯಾಗಿರುತ್ತಿತ್ತು. ಅದೇ ಕಾಲದಲ್ಲಿ, ಅದೇ ಹಾಲನ್ನು ಹಿಡಿದುಕೊಂಡು, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು 1970ರಲ್ಲಿ ಆರಂಭಿಸಿದ ‘ಆಪರೇಷನ್ ಫ್ಲಡ್’ ಬೇರೆಯದೇ ದಾರಿಯಲ್ಲಿ ನಡೆಯಿತು. ಯುರೋಪಿನಿಂದ ನೆರವಾಗಿ ಬಂದ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆಯನ್ನು ಹಾಲಾಗಿಸಿ ಮಾರಿ ಬಂದ ಹಣವನ್ನು ಡೇರಿಗಳಿಗೆ, ಶೈತ್ಯಾಗಾರಗಳಿಗೆ, ಸಾಗಾಣಿಕೆಗೆ, ಗ್ರಾಮ ಮಟ್ಟದ ಸಹಕಾರ ಸಂಘಗಳಿಗೆ ಹಾಕಲಾಯಿತು. ಮೊದಲ ಹಂತದಲ್ಲಿಯೇ ಹಾಲು ಉತ್ಪಾದಿಸುವ ಪ್ರದೇಶಗಳನ್ನು ನಾಲ್ಕು ಮಹಾನಗರಗಳ ಗ್ರಾಹಕರೊಂದಿಗೆ ಜೋಡಿಸಲಾಯಿತು. ದಿನಕ್ಕೆ ಎರಡು ಬಾರಿ ಹಾಲನ್ನು ಅಳೆದು, ಕೊಬ್ಬಿನ ಅಂಶವನ್ನು ಪರೀಕ್ಷಿಸಿ, ಲೆಕ್ಕಕ್ಕೆ ಸರಿಯಾಗಿ ಹಣ ಕೊಡುವ ಒಂದು ಸ್ಥಳ ಹಳ್ಳಿಯಲ್ಲಿ ಸಿದ್ಧವಾದ ಮೇಲೆ, ಹಸು ಕೊಳ್ಳಿರೆಂದು ರೈತರಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ. ಮೊದಲಿನ ಕಾರ್ಯಕ್ರಮ ಮರುಪಾವತಿಯ ಸಮಸ್ಯೆ ಮತ್ತು ಸೋರಿಕೆಗಳ ನಡುವೆ ಸೊರಗಿ, 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯೊಳಗೆ ಸೇರಿಹೋಯಿತು. ಎರಡನೆಯದು ಕಟ್ಟಿದ ಸಂಘಗಳು ಇಂದಿಗೂ ಹಾಲು ಅಳೆಯುತ್ತಿವೆ.

ಆದ್ದರಿಂದ ನನ್ನ ಉತ್ತರ ಹೀಗಿದೆ. ಕೊಳ್ಳುವವರು ಯಾರೆಂಬುದು ಗೊತ್ತಾದ ಮೇಲೆ ಮಾತ್ರ ಯಂತ್ರದ ಹಣ ಬಿಡುಗಡೆಯಾಗಬೇಕು. ಆ ಕೊಳ್ಳುವವರನ್ನು ಹುಡುಕಿಕೊಡುವ, ಇಲ್ಲದಿದ್ದರೆ ಸೃಷ್ಟಿಸುವ ಕೆಲಸಕ್ಕೆ ಸರ್ಕಾರದ ಮೊದಲ ಹಣ ಹೋಗಬೇಕು.

ಸಾಲದ ಕುರಿತೂ ಒಂದು ಮಾತು. ಅರ್ಜಿದಾರರು ಮತ್ತು ಅಧಿಕಾರಿಗಳು ಇಬ್ಬರೂ ಯಂತ್ರದ ಬೆಲೆಯ ಮೇಲೆಯೇ ಕಣ್ಣಿಡುತ್ತಾರೆ. ಘಟಕಗಳನ್ನು ಮುಳುಗಿಸುವುದು ಸಾಮಾನ್ಯವಾಗಿ ದುಡಿಯುವ ಬಂಡವಾಳದ ಕೊರತೆ: ಕಚ್ಚಾವಸ್ತು ಕೊಂಡ ದಿನದಿಂದ ಮಾರಾಟದ ಹಣ ಕೈಗೆ ಬರುವ ದಿನದವರೆಗೆ ಕೂಲಿ, ವಿದ್ಯುತ್ ಬಿಲ್ಲು ಮತ್ತು ಸಾಲದ ಕಂತುಗಳನ್ನು ಹೇಗೆ ನಿಭಾಯಿಸಬೇಕು ಎಂಬುದು. ಸರ್ಕಾರ ಸಾಲಕ್ಕೆ ಖಾತರಿ ಕೊಡುವ ವ್ಯವಸ್ಥೆ ಈ ವಿಷಯದಲ್ಲಿ ಬಹಳ ಉಪಯುಕ್ತ. ಭಾರತದಲ್ಲಿ 2000ದಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿಯು ಅಡಮಾನವಿಲ್ಲದ ಸಣ್ಣ ಉದ್ಯಮಗಳ ಸಾಲಕ್ಕೆ ಖಾತರಿ ನೀಡುತ್ತದೆ. ಅಮೆರಿಕದ ಕೃಷಿ ಇಲಾಖೆಯೂ ಗ್ರಾಮೀಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಸಾಲಕ್ಕೆ ಇದೇ ರೀತಿ ಬೆನ್ನಿಗೆ ನಿಲ್ಲುತ್ತದೆ. ಸಹಾಯಧನವಾಗಿ ಕೊಟ್ಟ ಹಣ ಒಮ್ಮೆ ಹೋದರೆ ಹೋಯಿತು. ಖಾತರಿಗೆಂದು ತೆಗೆದಿಟ್ಟ ಹಣದಿಂದ ಅದರ ಹಲವು ಪಟ್ಟು ಸಾಲ ಹೊರಬರುತ್ತದೆ, ಹಾಗೂ ಸಾಲಗಾರ ಸೋತಾಗ ಮಾತ್ರ ಅದು ಕರಗುತ್ತದೆ.

ತಮ್ಮ ತರಬೇತಿಯ ಒಲವಿಗೆ ಆಧಾರ ಇದೆ, ಚಿಂತಿಸಬೇಡಿ. ಗ್ರಾಮೀಣ ಯುವಜನರಿಗೆ ಸ್ವ-ಉದ್ಯೋಗದ ತರಬೇತಿ ಕೊಡಲು 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಮುಂದೆ ಕೇಂದ್ರ ಸರ್ಕಾರ ಸ್ವೀಕರಿಸಿ, ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇರಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಅದರ ಬಲ ತರಗತಿಯಲ್ಲಿ ಕಳೆಯುವ ಕೆಲವು ವಾರಗಳಿಗಿಂತ ಹೆಚ್ಚಾಗಿ, ತರಬೇತಿಯ ನಂತರ ಎರಡು ವರ್ಷ ಬೆಂಬಿಡದೆ ವಿಚಾರಿಸಿಕೊಳ್ಳುವುದರಲ್ಲಿದೆ. ಮನವಿಯಲ್ಲಿ ತರಬೇತಿಯನ್ನು ಕೇಳುವುದಾದರೆ ಆ ಎರಡು ವರ್ಷಗಳನ್ನು ಸೇರಿಸಿ ಕೇಳಿ.

ಉತ್ತರ 2: ಅರ್ಥಶಾಸ್ತ್ರದ ಅಧ್ಯಾಪಕಿ

ಬ್ಯಾಂಕ್ ಅಧಿಕಾರಿಗಳು ಹೇಳಿದ ಹಾಲಿನ ಉದಾಹರಣೆಯನ್ನು ನಾನು ತರಗತಿಯಲ್ಲಿಯೂ ಬಳಸುತ್ತೇನೆ, ಅದರ ಸಾರಾಂಶವನ್ನು ಒಪ್ಪುತ್ತೇನೆ. ಆದರೆ ‘ಕೊಳ್ಳುವವರು ಗೊತ್ತಾದ ಮೇಲೆ ಮಾತ್ರ ಹಣ’ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಮಾಡಿದರೆ, ಈಗಾಗಲೇ ಮಾರುಕಟ್ಟೆಯ ಪರಿಚಯ ಇರುವ ಕುಟುಂಬಗಳಿಗೆ ಮಾತ್ರ ಹಣ ಹೋಗುತ್ತದೆ ಎಂಬ ಭಯ ನನಗಿದೆ. ಆ ಕಾರಣಕ್ಕೆ ಗೌರವಪೂರ್ವಕವಾಗಿ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ.

ಉತ್ತರ ಉಗಾಂಡಾದಲ್ಲಿ ಅಲ್ಲಿನ ಸರ್ಕಾರ ನಡೆಸಿದ ಯುವಜನರ ಯೋಜನೆಯೊಂದನ್ನು ಕ್ರಿಸ್ಟೋಫರ್ ಬ್ಲಾಟ್‌ಮನ್ ಮತ್ತು ಸಹ ಸಂಶೋಧಕರು ಹಲವು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಯುವಕ ಯುವತಿಯರು ಗುಂಪು ಕಟ್ಟಿಕೊಂಡು, ಯಾವ ಕಸುಬು ಕಲಿಯುತ್ತೇವೆ ಮತ್ತು ಯಾವ ಉಪಕರಣ ಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ತಲಾ ಸರಾಸರಿ 382 ಡಾಲರಿನಷ್ಟು ಹಣ ಸಿಗುತ್ತಿತ್ತು. ಕೊಟ್ಟ ಮೇಲೆ ಮೇಲ್ವಿಚಾರಣೆ ಇರಲಿಲ್ಲ. ಅರ್ಜಿ ಹಾಕಿದ್ದ ಅರ್ಹ ಗುಂಪುಗಳ ನಡುವೆ ಚೀಟಿ ಎತ್ತಿದಂತೆ ಆಯ್ಕೆ ನಡೆದದ್ದರಿಂದ, ಹಣ ಸಿಕ್ಕವರನ್ನು ಸಿಗದವರೊಂದಿಗೆ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ನಾಲ್ಕು ವರ್ಷಗಳ ನಂತರ ಹಣ ಪಡೆದವರ ಗಳಿಕೆ ಇತರರಿಗಿಂತ 38 ಪ್ರತಿಶತ ಹೆಚ್ಚಿತ್ತು. ಬಹುಪಾಲು ಜನ ಹಣವನ್ನು ಪೋಲು ಮಾಡಿರಲಿಲ್ಲ. ಕಸುಬು ಕಲಿತು, ಉಪಕರಣ ಕೊಂಡಿದ್ದರು.

ಆದರೆ ಒಂಬತ್ತು ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ, ಹಣ ಸಿಗದವರು ಬೇರೆ ದಾರಿ ಹಿಡಿದು ಗಳಿಕೆಯಲ್ಲಿ ಇವರನ್ನು ಹೆಚ್ಚುಕಡಿಮೆ ಸರಿಗಟ್ಟಿದ್ದರು. ಇದನ್ನು ಓದಿ ಯೋಜನೆ ಸೋತಿತು ಎನ್ನುವವರಿದ್ದಾರೆ, ನಾನು ಹಾಗೆ ತಿಳಿಯುವುದಿಲ್ಲ. ಬಡ ಕುಟುಂಬವೊಂದಕ್ಕೆ ಕೆಲವು ವರ್ಷ ಮೊದಲೇ ಒಳ್ಳೆಯ ಗಳಿಕೆ ಆರಂಭವಾಯಿತು ಎಂದರೆ ಆ ವರ್ಷಗಳಲ್ಲಿ ಮಕ್ಕಳು ಓದಿದರು, ಸಾಲ ತೀರಿತು. ಒಂದು ಸಾರಿ ಕೊಟ್ಟ ಹಣ ಮನುಷ್ಯನನ್ನು ಬೇಗ ಎಬ್ಬಿಸಿ ನಿಲ್ಲಿಸುತ್ತದೆ; ಆ ಪ್ರದೇಶದ ಆರ್ಥಿಕತೆಯನ್ನು ಬದಲಾಯಿಸುವ ಶಕ್ತಿ ಅದಕ್ಕೆ ಇಲ್ಲ. ಮನವಿಯಲ್ಲಿ ಈ ಎರಡು ನಿರೀಕ್ಷೆಗಳನ್ನು ಬೇರೆ ಬೇರೆಯಾಗಿ ಬರೆಯಬೇಕೆಂದು ನನ್ನ ವಿನಂತಿ.

ರಸ್ತೆಯ ವಿಷಯಕ್ಕೆ ಬರೋಣ. ‘ಮೊದಲು ರಸ್ತೆ’ ಎನ್ನುವವರ ಮಾತು ಕೇಳಲು ತುಂಬ ಸಹಜವಾಗಿದೆ, ನಾನೂ ಅದನ್ನು ನಂಬಿದ್ದೆ. ಭಾರತದಲ್ಲಿ 2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ಪರಿಣಾಮವನ್ನು ಸ್ಯಾಮ್ ಆಶರ್ ಮತ್ತು ಪಾಲ್ ನೊವೊಸಾಡ್ ಅಳೆದು 2020ರಲ್ಲಿ ಪ್ರಕಟಿಸಿದರು. ರಸ್ತೆ ಬಂದ ಹಳ್ಳಿಗಳಲ್ಲಿ ಜನರು ಕೃಷಿ ಬಿಟ್ಟು ಹೊರಗಿನ ಕೂಲಿ ಕೆಲಸಗಳಿಗೆ ಹೋಗುವುದು ಹೆಚ್ಚಿತು. ಹಳ್ಳಿಯ ಒಳಗಿನ ಆದಾಯದಲ್ಲಿ, ಆಸ್ತಿಯಲ್ಲಿ, ಕೃಷಿಯಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ರಸ್ತೆ ಬೇಕು, ಆಸ್ಪತ್ರೆಗೆ ಹೋಗಲಿಕ್ಕೂ ಶಾಲೆಗೆ ಹೋಗಲಿಕ್ಕೂ ಬೇಕೇ ಬೇಕು. ಆದರೆ ಕೆಲಸ ತಾನಾಗಿ ಆ ರಸ್ತೆ ಹಿಡಿದು ಒಳಗೆ ಬರುತ್ತದೆಂದು ಭರವಸೆ ಕೊಡಲು ಸಾಧ್ಯವಿಲ್ಲ.

ವಿದ್ಯುತ್ತಿನ ಕಥೆ ಇದಕ್ಕಿಂತ ಆಶಾದಾಯಕ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಹಳ್ಳಿಗಳಿಗೆ ವಿದ್ಯುತ್ ಬಂದ ಮೇಲೆ ಮಹಿಳೆಯರ ಉದ್ಯೋಗ ಸ್ಪಷ್ಟವಾಗಿ ಏರಿತೆಂದು ಟ್ಯಾರಿನ್ ಡಿಂಕಲ್‌ಮನ್ 2011ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ಸೌದೆ ತರುವ, ಒಲೆ ಉರಿಸುವ ಗಂಟೆಗಳು ಉಳಿದದ್ದು ಅದಕ್ಕೆ ಒಂದು ಮುಖ್ಯ ಕಾರಣ. ಅಮೆರಿಕದಲ್ಲಿ 1930ರ ದಶಕದ ಮಧ್ಯದಲ್ಲಿ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಇತ್ತು. ಖಾಸಗಿ ಕಂಪನಿಗಳು ಚದುರಿದ ಮನೆಗಳಿಗೆ ತಂತಿ ಎಳೆಯಲು ಸಿದ್ಧವಿರಲಿಲ್ಲ. 1935ರಲ್ಲಿ ರಚನೆಯಾದ ಗ್ರಾಮೀಣ ವಿದ್ಯುದೀಕರಣ ಆಡಳಿತವು ಹಳ್ಳಿಗರ ಸಹಕಾರ ಸಂಘಗಳಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಟ್ಟಿತು. ತಂತಿ, ಕಂಬ, ಬಿಲ್ಲು ವಸೂಲಿ ಎಲ್ಲವನ್ನೂ ಆ ಸಂಘಗಳೇ ನಡೆಸಿದವು. ಮಾರುಕಟ್ಟೆ ಬರಲು ಒಪ್ಪದ ಕಡೆ ಸರ್ಕಾರ ಸಾಲ ಕೊಟ್ಟು, ಒಡೆತನವನ್ನು ಅಲ್ಲಿನ ಜನರಿಗೇ ಬಿಟ್ಟ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು.

ದೊಡ್ಡ ಕಾರ್ಖಾನೆಯ ಕುರಿತು ಹೆಚ್ಚು ಬರೆಯುವುದಿಲ್ಲ. ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್‌ನಲ್ಲಿ ಸರ್ಕಾರದ ಬೆಂಬಲದಿಂದ ಬಂದ ಅಲ್ಯೂಮಿನಿಯಂ ಕಾರ್ಖಾನೆ 1971ರಲ್ಲಿ ಉತ್ಪಾದನೆ ಆರಂಭಿಸಿ 1981ರಲ್ಲಿ ಮುಚ್ಚಿತು. ಅಗ್ಗದ ವಿದ್ಯುತ್ತಿನ ಲೆಕ್ಕಾಚಾರ ತಪ್ಪಿದ್ದೇ ಅದಕ್ಕೆ ಮುಖ್ಯ ಕಾರಣ. ಒಂದೇ ಬಾಗಿಲು ಮುಚ್ಚಿದ್ದಕ್ಕೆ ಆ ಪ್ರದೇಶದ ನೂರಾರು ಕುಟುಂಬಗಳು ಒಟ್ಟಿಗೆ ಕೆಲಸ ಕಳೆದುಕೊಂಡವು.

ಉತ್ತರ 3: ಹೊಲಿಗೆ ಘಟಕ ನಡೆಸುವವರು

ಮೇಲಿನ ಇಬ್ಬರೂ ಹಿರಿಯರು ಹೇಳಿದ್ದನ್ನು ಗೌರವದಿಂದ ಓದಿದೆ. ನಾನು ಸಂಶೋಧಕಿಯಲ್ಲ, ಹದಿನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿರುವ ಒಂದು ಹೊಲಿಗೆ ಘಟಕವನ್ನು ನಡೆಸುತ್ತೇನೆ. ‘ಕೊಳ್ಳುವವರು ಬೇಕು’ ಎಂದು ಬರೆದಿದ್ದೀರಿ. ಕೊಳ್ಳುವವರೇ ಸರ್ಕಾರವಾಗಿದ್ದಾಗ ಏನಾಯಿತು ಎಂಬುದನ್ನೂ ದಯವಿಟ್ಟು ಕೇಳಿ.

ಒಂದು ಸರ್ಕಾರಿ ಕಚೇರಿಯಿಂದ ಶಾಲಾ ಸಮವಸ್ತ್ರದ ಆದೇಶ ಬಂದಾಗ ನಮ್ಮ ಘಟಕದಲ್ಲಿ ಎಲ್ಲರಿಗೂ ಕಣ್ಣು ತುಂಬಿ ಬಂದಿತ್ತು. ಅಷ್ಟು ದೊಡ್ಡ ಕೆಲಸ ನಮಗೆ ಅದುವರೆಗೆ ಸಿಕ್ಕಿರಲಿಲ್ಲ. ಬಟ್ಟೆ, ದಾರ, ಗುಂಡಿಗಳನ್ನು ಸಾಲ ಮಾಡಿ ತಂದು, ಎರಡು ಪಾಳಿಯಲ್ಲಿ ಹೊಲಿದು, ಹೇಳಿದ ದಿನಕ್ಕೆ ಒಂದು ದಿನ ಮೊದಲೇ ಒಪ್ಪಿಸಿದೆವು. ಹಣ ಬಂದದ್ದು ಏಳು ತಿಂಗಳ ಮೇಲೆ. ಮೊದಲು ಬಿಲ್ಲಿನಲ್ಲಿ ಒಂದು ಸಂಖ್ಯೆ ತಪ್ಪಿದೆ ಎಂದರು, ತಿದ್ದಿ ಕೊಟ್ಟೆ. ನಂತರ ಸಹಿ ಮಾಡುವವರು ವರ್ಗಾವಣೆಯಾದರು. ಆಮೇಲೆ ಅನುದಾನ ಬಂದಿಲ್ಲ ಎಂದರು. ಆ ಏಳು ತಿಂಗಳು ಪ್ರತಿ ಶನಿವಾರ ಸಂಜೆ ಕೂಲಿ ಕೊಡುವ ಹೊತ್ತಿಗೆ ನಾನು ಲೆಕ್ಕದ ಪುಸ್ತಕವನ್ನು ತೆರೆದಿಟ್ಟುಕೊಂಡು, ಈ ವಾರ ಯಾರಿಗೆ ಪೂರ್ತಿ ಕೊಡಬೇಕು, ಯಾರ ಕೈಯಲ್ಲಿ ಅರ್ಧ ಇಡಬೇಕು ಎಂದು ಯೋಚಿಸುತ್ತ ಕೂರುತ್ತಿದ್ದೆ. ಮಗು ಚಿಕ್ಕದಿರುವವರಿಗೆ ಪೂರ್ತಿ ಎಂದು ಕೊನೆಗೆ ನಾವೇ ಒಂದು ನಿಯಮ ಮಾಡಿಕೊಂಡೆವು. ಇಬ್ಬರು ಕೆಲಸ ಬಿಟ್ಟು ಹೋದರು, ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ.

ಭಾರತದಲ್ಲಿ 2006ರ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಚಕ್ರಬಡ್ಡಿಯಾಗಿ ಸೇರಿಸಿ ಕೊಡಬೇಕು. ಕಾನೂನು ಇಷ್ಟು ಗಟ್ಟಿಯಾಗಿದೆ. ಆದರೆ ಮುಂದಿನ ಆದೇಶವೂ ಅದೇ ಕಚೇರಿಯಿಂದ ಬರಬೇಕಾದಾಗ ಬಡ್ಡಿ ಕೇಳುವ ಧೈರ್ಯ ಯಾರಿಗಿರುತ್ತದೆ? ನನಗೆ ಇರಲಿಲ್ಲ.

ಸಹಾಯಧನವನ್ನು ನಾನು ಪಡೆದಿದ್ದೇನೆ, ಅದಕ್ಕೆ ಕೃತಜ್ಞಳಾಗಿದ್ದೇನೆ. ಆದರೂ ಅದಕ್ಕಿಂತ ಮೊದಲು ನನಗೆ ಬೇಕಾದದ್ದು, ನಾನು ದುಡಿದ ಹಣ ಹೇಳಿದ ದಿನಕ್ಕೆ ಬರುವುದು. ಬಡ್ಡಿಯನ್ನು ನಾವು ಕೇಳದೆಯೇ ಬಿಲ್ಲಿಗೆ ತಾನಾಗಿ ಸೇರುವ ವ್ಯವಸ್ಥೆ ಬೇಕೆಂದು ದಯವಿಟ್ಟು ಮನವಿಯಲ್ಲಿ ಬರೆಯಿರಿ.

ಮರುಪ್ರಶ್ನೆ: ಮನವಿ ಸಮಿತಿಯ ಸದಸ್ಯ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ, ತಮ್ಮ ಘಟಕದ ಅನುಭವವನ್ನು ನಿನ್ನೆಯ ಸಭೆಯಲ್ಲಿ ಓದಿ ಹೇಳಿದೆ, ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ದೊಡ್ಡ ಕಾರ್ಖಾನೆಯ ಪರವಾಗಿದ್ದವರೂ ಅದರ ನಂತರ ಪಟ್ಟು ಸಡಿಲಿಸಿದರು.

ಆದರೆ ಇನ್ನೊಂದು ಪ್ರಶ್ನೆ ಎದ್ದಿದೆ. ಯಾವ ಉದ್ಯಮಕ್ಕೆ, ಯಾವ ಹಳ್ಳಿಗೆ ನೆರವು ಹೋಗಬೇಕೆಂದು ಯಾರು ತೀರ್ಮಾನಿಸಬೇಕು? ರಾಜಧಾನಿಯಲ್ಲಿ ಕುಳಿತವರು ತೀರ್ಮಾನಿಸಿದರೆ ಎಲ್ಲ ಕಡೆಗೂ ಒಂದೇ ಅಚ್ಚಿನ ಯೋಜನೆ ಬರುತ್ತದೆ. ಸ್ಥಳೀಯರಿಗೆ ಬಿಟ್ಟರೆ ಬಲವಿದ್ದವರ ಪಾಲಾಗುತ್ತದೆ ಎಂಬ ಅನುಮಾನ ನಮ್ಮಲ್ಲಿ ಹಲವರಿಗಿದೆ, ಅದು ಸುಳ್ಳೆನ್ನಲು ನನಗೂ ಆಗುತ್ತಿಲ್ಲ.

ಉತ್ತರ 4: ಸಹಕಾರ ಸಂಘದ ಕಾರ್ಯದರ್ಶಿ

ಈ ಪ್ರಶ್ನೆಗೆ ಮೂರು ಕಡೆ ಮೂರು ರೀತಿ ಉತ್ತರ ಕಂಡುಕೊಂಡಿದ್ದಾರೆ.

ಇಂದಿನ ಯುರೋಪಿನ ಒಕ್ಕೂಟವು, ಆಗ ಯುರೋಪಿಯನ್ ಸಮುದಾಯ ಎಂಬ ಹೆಸರಿನಲ್ಲಿದ್ದಾಗ, 1991ರಲ್ಲಿ ‘ಲೀಡರ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಒಂದು ಗ್ರಾಮೀಣ ಪ್ರದೇಶದ ಉದ್ಯಮಿಗಳು, ಸಂಘ ಸಂಸ್ಥೆಗಳು, ಸ್ಥಳೀಯ ಆಡಳಿತ ಎಲ್ಲರೂ ಸೇರಿ ಒಂದು ಸ್ಥಳೀಯ ಕಾರ್ಯ ಗುಂಪನ್ನು ರಚಿಸಿಕೊಂಡು ತಮ್ಮ ಪ್ರದೇಶದ ಅಭಿವೃದ್ಧಿ ಯೋಜನೆಯನ್ನು ತಾವೇ ಬರೆಯುತ್ತಾರೆ, ಯಾವ ಅರ್ಜಿಗೆ ಹಣ ಕೊಡಬೇಕೆಂಬುದನ್ನೂ ಆ ಗುಂಪೇ ಆಯ್ಕೆ ಮಾಡುತ್ತದೆ. ತಮ್ಮ ಅನುಮಾನಕ್ಕೆ ಅಲ್ಲಿ ಒಂದು ನೇರವಾದ ಪರಿಹಾರವಿದೆ: ತೀರ್ಮಾನದ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಾಗಲಿ, ಯಾವುದೇ ಒಂದು ಹಿತಾಸಕ್ತಿಯ ಗುಂಪಾಗಲಿ 49 ಪ್ರತಿಶತಕ್ಕಿಂತ ಹೆಚ್ಚು ಮತಗಳನ್ನು ಹೊಂದುವಂತಿಲ್ಲ ಎಂಬ ನಿಯಮವನ್ನು ಒಕ್ಕೂಟ ಮಾಡಿತು. ಕಾಗದಪತ್ರದ ಕೆಲಸ ಅಲ್ಲಿ ಮಿತಿಮೀರಿದೆ ಎಂಬ ದೂರು ಬಹಳ ಹಿಂದಿನಿಂದಲೂ ಇದೆ, ಸಣ್ಣ ಅರ್ಜಿದಾರರು ಅದರಲ್ಲಿಯೇ ಸೋತುಹೋಗುತ್ತಾರೆ. ಅದನ್ನು ನಾವು ಅನುಕರಿಸಬೇಕಾಗಿಲ್ಲ.

ದಕ್ಷಿಣ ಕೊರಿಯಾ ಇನ್ನೊಂದು ಬಗೆ. 1970ರಲ್ಲಿ ಸೆಮಾವುಲ್ (‘ಹೊಸ ಹಳ್ಳಿ’) ಆಂದೋಲನದ ಆರಂಭದಲ್ಲಿ ಸರ್ಕಾರ ಅಲ್ಲಿನ 33 ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ತಲಾ 335 ಮೂಟೆ ಸಿಮೆಂಟ್ ಕೊಟ್ಟು, ಊರಿನ ಸಾಮೂಹಿಕ ಕೆಲಸಕ್ಕೆ ಬಳಸಿಕೊಳ್ಳಿ ಎಂದಿತು. ಯಾವ ಕೆಲಸ ಎಂಬುದನ್ನು ಹಳ್ಳಿಯೇ ನಿರ್ಧರಿಸಬೇಕಿತ್ತು. ಸಿಮೆಂಟನ್ನು ಚೆನ್ನಾಗಿ ಬಳಸಿದ ಸುಮಾರು 16,600 ಹಳ್ಳಿಗಳಿಗೆ ಮಾತ್ರ ಮುಂದಿನ ಸಲ 500 ಮೂಟೆ ಸಿಮೆಂಟ್ ಮತ್ತು ಒಂದು ಟನ್ ಕಬ್ಬಿಣ ಸಿಕ್ಕಿತು. ಇದನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯಬಾರದು. ಅದು ಪಾರ್ಕ್ ಚುಂಗ್ ಹೀ ಅವರ ನಿರಂಕುಶ ಆಡಳಿತದ ಕಾಲ. ಹಳ್ಳಿಗರ ಶ್ರಮದಾನದಲ್ಲಿ ಸ್ವಇಚ್ಛೆ ಎಷ್ಟು, ಅಧಿಕಾರಿಗಳ ಒತ್ತಡ ಎಷ್ಟು ಎಂಬ ಚರ್ಚೆ ಅಲ್ಲಿಯೇ ಇದೆ. ಸೋತ ಹಳ್ಳಿಗಳನ್ನು ಕೈಬಿಡುವ ಕ್ರಮ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಮೊದಲು ಎಲ್ಲರಿಗೂ ಸ್ವಲ್ಪ ಕೊಟ್ಟು, ಅದನ್ನು ಬಳಸಿದ ರೀತಿ ನೋಡಿ ಮುಂದಿನ ಕಂತನ್ನು ನಿರ್ಧರಿಸುವ ಉಪಾಯ, ದಪ್ಪ ದಪ್ಪ ಪ್ರಾಜೆಕ್ಟ್ ರಿಪೋರ್ಟುಗಳನ್ನು ಓದಿ ನಿರ್ಧರಿಸುವುದಕ್ಕಿಂತ ಎಷ್ಟೋ ಮೇಲು.

ಮೂರನೆಯದು ಜಪಾನಿನದು, ನನ್ನ ಮನಸ್ಸಿಗೆ ಹತ್ತಿರವಾದದ್ದೂ ಅದೇ. ಓಯಿತಾ ಪ್ರಾಂತ್ಯದ ರಾಜ್ಯಪಾಲರಾಗಿದ್ದ ಮೊರಿಹಿಕೊ ಹಿರಮಾತ್ಸು 1979ರಲ್ಲಿ ‘ಒಂದು ಹಳ್ಳಿ, ಒಂದು ಉತ್ಪನ್ನ’ ಎಂಬ ಚಳವಳಿಗೆ ಚಾಲನೆ ಕೊಟ್ಟಾಗ, ಉತ್ಪಾದಕರಿಗೆ ನೇರ ಸಹಾಯಧನ ಕೊಡುವುದಿಲ್ಲ ಎಂಬುದನ್ನು ನೀತಿಯಾಗಿಯೇ ಇಟ್ಟುಕೊಂಡರು. ಯಾವ ಉತ್ಪನ್ನ ಎಂಬುದನ್ನು ಊರಿನವರೇ ಆರಿಸಿಕೊಳ್ಳಬೇಕು, ನಷ್ಟದ ಹೊಣೆಯೂ ಅವರದೇ. ಪ್ರಾಂತ್ಯದ ಆಡಳಿತವು ಸಂಶೋಧನೆ ಮತ್ತು ತಾಂತ್ರಿಕ ಸಲಹೆ, ಮುಂದಾಳುಗಳ ತರಬೇತಿ, ಹೊರಗಿನ ಮಾರುಕಟ್ಟೆಯಲ್ಲಿ ಪ್ರಚಾರ ಇಷ್ಟನ್ನು ಮಾಡಿತು. ಅದಕ್ಕೂ ಮೊದಲೇ, 1961ರಿಂದ, ಅದೇ ಪ್ರಾಂತ್ಯದ ಓಯಾಮಾ ಎಂಬ ಗುಡ್ಡಗಾಡಿನ ಊರು ಭತ್ತ ಬೆಳೆಯಲು ಬಂದ ಸರ್ಕಾರದ ಸೂಚನೆಯನ್ನು ಬದಿಗಿಟ್ಟು, ತನ್ನ ನೆಲಕ್ಕೆ ಒಗ್ಗುವ ಪ್ಲಮ್ ಮತ್ತು ಚೆಸ್ಟ್‌ನಟ್ ಮರಗಳನ್ನು ನೆಟ್ಟಿತ್ತು. ರಾಜ್ಯಪಾಲರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಒಂದು ಊರು ತಾನಾಗಿ ಮಾಡಿದ್ದನ್ನು ಗಮನಿಸಿ, ಬೇರೆಯವರಿಗೂ ಅದಕ್ಕೆ ಅವಕಾಶ ಮಾಡಿಕೊಟ್ಟರು. ಥಾಯ್ಲೆಂಡ್ 2001ರಲ್ಲಿ ಇದೇ ಮಾದರಿಯನ್ನು ತನ್ನ ದೇಶಕ್ಕೆ ತಂದುಕೊಂಡಿತು, ಅಲ್ಲಿ ಮಾತ್ರ ಕೇಂದ್ರ ಸರ್ಕಾರದ ಕೈ ಹೆಚ್ಚು ಬಲವಾಗಿತ್ತು.

ಓಯಿತಾದ ನಿಷ್ಠುರ ನಿಯಮ ಬಂಡವಾಳವೇ ಇಲ್ಲದ ಕಡೆ ಹಾಗೆಯೇ ನಡೆಯುವುದಿಲ್ಲ, ಅಧ್ಯಾಪಕಿಯವರು ಹೇಳಿದ ಉಗಾಂಡಾದ ಅನುಭವವೇ ಅದಕ್ಕೆ ಸಾಕ್ಷಿ. ಕೈಯಲ್ಲಿ ಏನೂ ಇಲ್ಲದವರಿಗೆ ಒಂದು ಬಾರಿ ಹಣ ಕೊಡಲಿ. ಆದರೆ ಯಾವ ಉತ್ಪನ್ನ, ಯಾವ ಕಸುಬು ಎಂಬ ತೀರ್ಮಾನ ಮಾತ್ರ ಅದರಲ್ಲಿ ದುಡಿಯುವವರದೇ ಆಗಿರಲಿ.

ಉತ್ತರ 5: ನಿವೃತ್ತ ಬ್ಯಾಂಕ್ ಅಧಿಕಾರಿ

ಹೊಲಿಗೆ ಘಟಕ ನಡೆಸುವ ಸೋದರಿಯ ಮಾತು ನನ್ನ ಮೊದಲಿನ ಉತ್ತರದಲ್ಲಿದ್ದ ಕೊರತೆಯನ್ನು ತೋರಿಸಿಕೊಟ್ಟಿತು. ಕೊಳ್ಳುವವರಿದ್ದರೆ ಸಾಕೆಂದು ಬರೆದಿದ್ದೆ, ಸಮಯಕ್ಕೆ ಹಣ ಕೊಡುವ ಕೊಳ್ಳುವವರು ಎಂದು ತಿದ್ದಿಕೊಳ್ಳುತ್ತೇನೆ. ಮಾರುಕಟ್ಟೆಯ ಪರಿಚಯ ಇಲ್ಲದವರು ಹೊರಗುಳಿಯುತ್ತಾರೆ ಎಂಬ ಅಧ್ಯಾಪಕಿಯವರ ಆಕ್ಷೇಪವನ್ನೂ ಒಪ್ಪಿಕೊಳ್ಳುತ್ತೇನೆ. ಅದಕ್ಕಾಗಿಯೇ ಸರ್ಕಾರ ತಾನು ಹೇಗೂ ಕೊಳ್ಳುವ ವಸ್ತುಗಳಲ್ಲಿ ಒಂದು ಪಾಲನ್ನು ಇಂತಹವರಿಗೆ ಮೀಸಲಿಡಬೇಕು.

ಇದು ಹೊಸ ಕಲ್ಪನೆಯೇನೂ ಅಲ್ಲ. ಬ್ರೆಜಿಲ್ 2009ರಲ್ಲಿ ಮಾಡಿದ ಕಾನೂನು, ಶಾಲಾ ಊಟಕ್ಕಾಗಿ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ 30 ಪ್ರತಿಶತವನ್ನು ಸಣ್ಣ ಕೃಷಿಕ ಕುಟುಂಬಗಳಿಂದ ನೇರವಾಗಿ ಕೊಳ್ಳಲು ಬಳಸಬೇಕೆಂದು ವಿಧಿಸಿತು. ಭಾರತದಲ್ಲಿ 2012ರ ಸಾರ್ವಜನಿಕ ಖರೀದಿ ಆದೇಶದ ಪ್ರಕಾರ ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಒಂದು ಪಾಲನ್ನು ಕೊಳ್ಳಲೇಬೇಕು, ಈಗ ಆ ಪಾಲು 25 ಪ್ರತಿಶತ. ಆದರೆ ಆ ಪಾಲಿನೊಳಗೆ ಹಳ್ಳಿಯ ಉದ್ಯಮಕ್ಕೆಂದು ಪ್ರತ್ಯೇಕ ಭಾಗವಿಲ್ಲ. ಪಟ್ಟಣದ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಉದ್ಯಮವೂ, ಹಳ್ಳಿಯ ಹದಿನಾಲ್ಕು ಮಂದಿಯ ಘಟಕವೂ ಒಂದೇ ಸಾಲಿನಲ್ಲಿ ನಿಂತು ಸ್ಪರ್ಧಿಸಬೇಕು. ಟೆಂಡರಿನ ಪ್ರಮಾಣ ದೊಡ್ಡದಾದಷ್ಟೂ ಹಳ್ಳಿಯವರು ಹಿಂದೆ ಬೀಳುತ್ತಾರೆ. ಖರೀದಿಯನ್ನು ಸಣ್ಣ ಸಣ್ಣ ಭಾಗಗಳಾಗಿ ಒಡೆಯಬೇಕೆಂಬುದನ್ನು ಬೇಡಿಕೆಯಾಗಿ ಸೇರಿಸಿ.

ಹಣದ ವಿಳಂಬಕ್ಕೆ ಬ್ಯಾಂಕಿನ ಕಡೆಯಿಂದ ಒಂದು ಮಾರ್ಗವಿದೆ. ಸರಕು ಸ್ವೀಕರಿಸಿದ ಕಚೇರಿ ಬಿಲ್ಲನ್ನು ಆನ್‌ಲೈನಿನಲ್ಲಿ ಒಪ್ಪಿಕೊಂಡ ಕೂಡಲೇ ಅದರ ಆಧಾರದ ಮೇಲೆ ಬ್ಯಾಂಕು ಘಟಕಕ್ಕೆ ಮುಂಗಡವಾಗಿ ಹಣ ಕೊಟ್ಟು, ನಂತರ ಕಚೇರಿಯಿಂದ ವಸೂಲು ಮಾಡಿಕೊಳ್ಳುತ್ತದೆ. ಇದಕ್ಕಾಗಿ ಭಾರತದಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ‘ಟ್ರೆಡ್ಸ್’ ಎಂಬ ವೇದಿಕೆಗಳಿವೆ. ತಡವಾದರೆ ಬ್ಯಾಂಕು ಕಚೇರಿಯನ್ನು ಕೇಳುತ್ತದೆ, ಹೊಲಿಗೆ ಘಟಕದವರು ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ಇದೆಲ್ಲವೂ ಕಚೇರಿಯು ಬಿಲ್ಲನ್ನು ಒಪ್ಪಿಕೊಂಡ ದಿನದಿಂದ ಆರಂಭವಾಗುತ್ತದೆ. ಆದ್ದರಿಂದ, ಸರಕು ಒಪ್ಪಿಸಿ ಹದಿನೈದು ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ಬಿಲ್ಲು ಒಪ್ಪಿಗೆಯಾಯಿತೆಂದೇ ಪರಿಗಣಿಸಬೇಕು ಎಂಬ ಒಂದು ವಾಕ್ಯವನ್ನು ತಪ್ಪದೆ ಬರೆಯಿರಿ. ಸರಕು ಸ್ವೀಕಾರದ ದಿನವನ್ನು ಲೆಕ್ಕ ಹಾಕುವ ವಿಷಯದಲ್ಲಿ 2006ರ ಕಾಯ್ದೆ ಈ ತತ್ವವನ್ನು ಈಗಾಗಲೇ ಒಪ್ಪಿದೆ, ಅದನ್ನು ಕಚೇರಿಗಳ ಪಾವತಿ ವ್ಯವಸ್ಥೆಯೊಳಗೆ ಅಳವಡಿಸಬೇಕಾಗಿದೆ.

ಮನವಿಯನ್ನು ಬರೆಯುವ ಮೊದಲು ಒಂದು ಕೆಲಸ ಮಾಡಿ. ತಮ್ಮ ಸುತ್ತಲಿನ ಶಾಲೆಗಳು, ಆಸ್ಪತ್ರೆಗಳು, ವಸತಿ ನಿಲಯಗಳು, ಕಚೇರಿಗಳು ಒಂದು ವರ್ಷದಲ್ಲಿ ಏನೇನನ್ನು, ಎಷ್ಟೆಷ್ಟು, ಎಲ್ಲಿಂದ ಕೊಳ್ಳುತ್ತವೆ ಎಂಬ ಪಟ್ಟಿಯನ್ನು ತಯಾರಿಸಿ. ಹಾಸಿಗೆ ಹೊದಿಕೆ, ಪೀಠೋಪಕರಣ, ಮುದ್ರಣ, ದುರಸ್ತಿ, ಶುಚಿತ್ವದ ಸಾಮಗ್ರಿ, ಯಾವುದನ್ನೂ ಬಿಡಬೇಡಿ. ಅದರಲ್ಲಿ ತಮ್ಮವರು ಈಗಲೇ ಮಾಡಬಲ್ಲದ್ದು ಯಾವುದು, ಆರು ತಿಂಗಳ ತರಬೇತಿಯಿಂದ ಮಾಡಬಲ್ಲದ್ದು ಯಾವುದು ಎಂದು ಗುರುತು ಹಾಕಿ. ಯಾವ ಯಂತ್ರಕ್ಕೆ ಸಹಾಯಧನ ಕೇಳಬೇಕು, ಯಾವ ತರಬೇತಿ ಕೇಳಬೇಕು ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.

ಪ್ರತಿಕ್ರಿಯೆ: ಮನವಿ ಸಮಿತಿಯ ಸದಸ್ಯ

ಸರ್, ಪಟ್ಟಿಯ ಕೆಲಸವನ್ನು ಇಂದೇ ಆರಂಭಿಸಿದ್ದೇವೆ. ನಾಲ್ಕು ಸಂಸ್ಥೆಗಳ ಲೆಕ್ಕ ಸಿಕ್ಕಿದೆ, ಉಳಿದವುಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುತ್ತಿದ್ದೇವೆ. ಸಿಕ್ಕಿದ ನಾಲ್ಕರಲ್ಲಿಯೇ ಹೊಲಿಗೆಯ ಕೆಲಸ ಮೂರು ಕಡೆ ಇದೆ, ಮೂರೂ ಹೊರಗಿನಿಂದ ಬರುತ್ತಿವೆ. ಬಿಲ್ಲು ಪಾವತಿಯ ಬೇಡಿಕೆಯನ್ನು ಮೊದಲ ಪುಟಕ್ಕೆ ತಂದಿದ್ದೇವೆ. ಬಡ್ಡಿ ತಾನಾಗಿ ಸೇರಬೇಕೆಂಬ ಸೋದರಿಯ ವಾಕ್ಯವನ್ನು ಅವರು ಬರೆದ ಹಾಗೆಯೇ ಇಟ್ಟುಕೊಂಡಿದ್ದೇವೆ, ಅವರ ಒಪ್ಪಿಗೆ ಇದೆಯೆಂದು ಭಾವಿಸುತ್ತೇನೆ.